ಊರ ಚಂದಾ ಪುಸ್ತಕದ ಮೊದಲ ಹಾಳೆ

ಚನ್ನರಾಯಪಟ್ಟಣ ಎಂದಕೂಡಲೇ ಬಹಳ ಮಂದಿಗೆ ಹಾಸನದ ಕಡೆಯದು ನೆನಪಾಗುತ್ತದೆ. ಇದು ಆ ಊರಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ; ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ಹೂವು, ಹಾಲು ನಂಬಿಕೊಂಡ ಸೀಮೆ. ಇಲ್ಲಿನ ಹಳ್ಳಿಗಳಲ್ಲಿ, ಇಲ್ಲಿ ಅಂತಲ್ಲ, ಬಯಲುಸೀಮೆಯ ಯಾವ ಹಳ್ಳಿಯಲ್ಲಾದರೂ ನೀವು ಈ ವಿಚಿತ್ರವನ್ನು ನೋಡಿರುತ್ತೀರಿ. ಮಾರಮ್ಮನ ಗುಡಿಯ ಜೀರ್ಣೋದ್ಧಾರ ಎಂದು ತೀರ್ಮಾನವಾದರೆ ಮುಂದಿನ ಹಬ್ಬದೊಳಗೆ ಲಕ್ಷಗಟ್ಟಲೆ ಕೂಡುತ್ತದೆ. ಗುಡಿಗೆ ನಾಲ್ಕು ಹೆಜ್ಜೆ ದೂರದ ಸರ್ಕಾರಿ ಶಾಲೆಯ ಸೋರುವ ಚಾವಣಿಗೆ ಮಾತ್ರ, ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯವರು ಎಷ್ಟು ಸಭೆ ಮಾಡಿದರೂ ದುಡ್ಡು ಹುಟ್ಟುವುದಿಲ್ಲ.

ಇದಕ್ಕೆ ಎರಡು ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿವೆ. ಒಂದು, ಜನಕ್ಕೆ ದೇವರ ಭಯ ಇದೆ, ಮಕ್ಕಳ ಚಿಂತೆ ಇಲ್ಲ. ಇನ್ನೊಂದು, ಶಾಲೆ ಸರ್ಕಾರದ್ದು, ತೆರಿಗೆ ಕಟ್ಟಿದ ಮೇಲೆ ಮತ್ತೇಕೆ ಕೊಡಬೇಕು. ಎರಡನೆಯದರಲ್ಲಿ ಸ್ವಲ್ಪ ಹುರುಳಿದೆ. ಆದರೆ ಅದೇ ಶಾಲೆಯ ಹಳೆಯ ವಿದ್ಯಾರ್ಥಿಗಳು ಇಪ್ಪತ್ತು ಮೂವತ್ತು ವರ್ಷದ ಮೇಲೆ ಒಂದು ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡು ಗುರುವಂದನೆ ಇಟ್ಟುಕೊಳ್ಳುತ್ತಾರಲ್ಲ, ಆಗ ಏನಾಗುತ್ತದೆ ನೋಡಿ. ಮೇಷ್ಟ್ರಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ, ಎಲ್ಲರಿಗೂ ಊಟ, ಉಳಿದ ದುಡ್ಡಿನಲ್ಲಿ ಶಾಲೆಗೆ ನೀರಿನ ಫಿಲ್ಟರು, ಬೆಂಚು, ಧ್ವಜದ ಕಟ್ಟೆ. ದೇವರೂ ಇಲ್ಲ, ಶಾಲೆ ಖಾಸಗಿಯೂ ಆಗಿಲ್ಲ. ಅದೇ ಜನ, ಅದೇ ಜೇಬು.

ಹಾಗಾದರೆ ಗುಟ್ಟು ಜೇಬಿನಲ್ಲಿಲ್ಲ, ಕರುಣೆಯಲ್ಲೂ ಇಲ್ಲ. ಬೆಂಗಳೂರಿನ ಎನ್‌ಜಿಒಗಳು ಬಣ್ಣದ ಕರಪತ್ರ, ಫೋನ್ ಕರೆ, ವರ್ಷಾಂತ್ಯದ ತೆರಿಗೆ ರಿಯಾಯಿತಿಯ ನೆನಪು ಎಲ್ಲ ಮಾಡಿ ಸೋಲುವ ಜಾಗದಲ್ಲಿ, ಮೂರನೆಯ ಕ್ಲಾಸು ದಾಟದ ಊರ ಯಜಮಾನರೊಬ್ಬರು ಗೆಲ್ಲುತ್ತಾರೆ. ಅವರಿಗೆ ಗೊತ್ತಿರುವುದೇನು? ಸಮಾಜಶಾಸ್ತ್ರ ಮತ್ತು ಮನಶ್ಶಾಸ್ತ್ರದ ನೂರು ವರ್ಷದ ಕೆಲಸ ಸುತ್ತುತ್ತಿರುವುದು ಇದೇ ಪ್ರಶ್ನೆಯ ಸುತ್ತ.

ಮೊದಲು ಯಾರ ಮನೆಗೆ?

ಚಂದಾ ಎತ್ತುವವರು ಒಬ್ಬರೇ ಹೋಗುವುದಿಲ್ಲ. ನಾಲ್ಕೈದು ಜನ, ಅದರಲ್ಲಿ ಒಬ್ಬ ವಯಸ್ಸಾದವರು, ಒಬ್ಬ ಲೆಕ್ಕ ಬರೆಯುವ ಹುಡುಗ. ಹೊರಡುವುದು ಡೇರಿಯ ಬಟವಾಡೆ ಆದ ಮರುದಿನ. ಮೊದಲು ನಿಲ್ಲುವುದು ಊರಿನಲ್ಲಿ ತೂಕ ಇರುವ ಮನೆಯ ಜಗಲಿಯಲ್ಲಿ.

“ಯಜಮಾನ್ರೇ, ಮೊದಲ ಹೆಸರು ನಿಮ್ದೇ ಆಗ್ಬೇಕು.”

“ನಂದ್ಯಾಕಪ್ಪಾ, ನಮ್ಮಪ್ಪನ ಹೆಸರಲ್ಲಿ ಬರ್ಕೋ. ಹತ್ತು ಸಾವಿರದ ಒಂದು.”

ಇಷ್ಟಾದ ಮೇಲೆ ಪುಸ್ತಕ ತನ್ನ ಕೆಲಸ ತಾನೇ ಮಾಡುತ್ತದೆ. ಎರಡನೆಯ ಮನೆಯವರು ರಸೀದಿ ಹರಿಸಿಕೊಳ್ಳುವ ಮುಂಚೆ ಹಾಳೆ ಹಿಂದಕ್ಕೆ ತಿರುವುತ್ತಾರೆ. ಹತ್ತು ಸಾವಿರದ ಒಂದರ ಕೆಳಗೆ ಇನ್ನೂರು ಎಂದು ಬರೆಸಲು ಕೈ ಬರುವುದಿಲ್ಲ. ಬಡವರಾದರೆ ಪರವಾಗಿಲ್ಲ, ಅದು ಎಲ್ಲರಿಗೂ ಗೊತ್ತು. ಅವರ ನೂರೊಂದು ರೂಪಾಯಿಗೂ ಅದೇ ರಸೀದಿ.

ಜಾನ್ ಲಿಸ್ಟ್ ಮತ್ತು ಡೇವಿಡ್ ಲಕ್ಕಿಂಗ್-ರೈಲಿ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಫ್ಲಾರಿಡಾದ ಒಂದು ವಿಶ್ವವಿದ್ಯಾಲಯದಲ್ಲಿ ಅಳೆದು ನೋಡಿದರು. ಕಂಪ್ಯೂಟರ್ ಕೊಳ್ಳಲು ದೇಣಿಗೆ ಕೇಳಿ ಸಾವಿರಾರು ಮನೆಗಳಿಗೆ ಪತ್ರ ಹೋಯಿತು. ಕೆಲವರಿಗೆ ‘ಬೇಕಾದ್ದರಲ್ಲಿ ಶೇ 10 ಆಗಲೇ ಬಂದಿದೆ’ ಎಂದೂ, ಕೆಲವರಿಗೆ ‘ಶೇ 67 ಬಂದಿದೆ’ ಎಂದೂ ಬರೆದಿದ್ದರು. ಸುಮ್ಮನೆ ಲೆಕ್ಕ ಹಾಕಿದರೆ ಕಡಿಮೆ ಬಂದಿರುವ ಕಡೆಗೇ ಜನ ಹೆಚ್ಚು ಕೊಡಬೇಕು, ಅಲ್ಲಿ ಅಗತ್ಯ ಹೆಚ್ಚು. ಆದದ್ದು ತಿರುಗುಮುರುಗು: 2002ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಶೇ 67ರ ಪತ್ರ ಹೋದ ಕಡೆಯಿಂದ ಸುಮಾರು ಆರು ಪಟ್ಟು ಹಣ ಬಂತು. ಮೊದಲೇ ಬಂದಿರುವ ಈ ಹಣವನ್ನು ನಾವು ‘ಮುಂಗೊಡುಗೆ’ ಎನ್ನೋಣ. ಅದು ಎರಡು ಸುದ್ದಿ ಹೇಳುತ್ತದೆ: ತಿಳಿದವರು ಇದನ್ನು ನಂಬಿದ್ದಾರೆ, ಕೆಲಸ ಅರ್ಧಕ್ಕೆ ನಿಲ್ಲುವುದಿಲ್ಲ. ಅಮೆರಿಕದ ಸಾರ್ವಜನಿಕ ರೇಡಿಯೊ ಒಂದಕ್ಕೆ ದೇಣಿಗೆ ಕೊಡಲು ಫೋನ್ ಮಾಡಿದವರಿಗೆ ‘ಈಗತಾನೇ ಒಬ್ಬರು 300 ಡಾಲರ್ ಕೊಟ್ಟರು’ ಎಂದು ಮಾತಿನ ನಡುವೆ ಹೇಳಿದಾಗ ದೇಣಿಗೆ ಸರಾಸರಿ ಶೇ 12ರಷ್ಟು ಏರಿತು ಎಂದು ಜೆನ್ ಶಾಂಗ್ ಮತ್ತು ರೇಚಲ್ ಕ್ರಾಸನ್ 2009ರಲ್ಲಿ ವರದಿ ಮಾಡಿದ್ದಾರೆ. ನಮ್ಮ ಹುಡುಗ ಹಾಳೆ ತಿರುವಲು ಬಿಡುವುದು ಇದಕ್ಕೇ.

ಈಗ ಪುಸ್ತಕದ ಜಾಗಕ್ಕೆ ಕ್ಯೂಆರ್ ಕೋಡ್ ಬಂದಿದೆ. ಗೋಡೆಗೆ ಅಂಟಿಸಿದ ಕೋಡಿಗೆ ಹಿಂದಿನ ಹಾಳೆ ಇಲ್ಲ. ಯಾರು ಕೊಟ್ಟರು, ಎಷ್ಟು ಸೇರಿತು, ಏನೂ ಕಾಣದು. ಅದಕ್ಕೆ ಹುಡುಗರು ವಾಟ್ಸ್ಆ್ಯಪ್‌ನಲ್ಲಿ ಬೇರೆ ಉಪಾಯ ಕಂಡುಕೊಂಡರು. ಒಬ್ಬ ಹೆಸರು, ಮೊತ್ತ ಬರೆದು ಕಳಿಸುತ್ತಾನೆ. ಮುಂದಿನವನು ಅದನ್ನೇ ಕಾಪಿ ಮಾಡಿ ಕೆಳಗೆ ತನ್ನದು ಸೇರಿಸುತ್ತಾನೆ. ಯಾವ ಸಾಫ್ಟ್‌ವೇರ್ ಕಂಪನಿಯೂ ಹೇಳಿಕೊಡದೆ ರಸೀದಿ ಪುಸ್ತಕ ಫೋನಿನೊಳಗೆ ಮತ್ತೆ ಹುಟ್ಟಿತು.

ಟೆಸ್ಟರ್ ಉರಿಯುತ್ತದೆ, ಬಲ್ಬು ಹತ್ತುವುದಿಲ್ಲ

ನಾಲ್ಕು ಜನರ ಕಣ್ಣಿಗೆ ಬೀಳುವುದಷ್ಟೇ ಕಾರಣ ಎಂದರೆ ಇದನ್ನು ಬರಿಯ ಜಂಬ ಎಂದು ತಳ್ಳಿಹಾಕಬಹುದು. ಗುಡಿಯ ಟ್ಯೂಬ್‌ಲೈಟಿನ ಮೇಲೆ ಬೆಳಕೇ ಬೀಳದ ಹಾಗೆ ದಾನಿಯ ಹೆಸರು ಬರೆಸಿರುವುದನ್ನು ನೋಡಿ ನಕ್ಕವರು ನಾವೆಲ್ಲ. ಆದರೆ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲಿ ಕೊಡುಗೆಯ ಬಗ್ಗೆ ಒಂದು ದೀರ್ಘ ಪ್ರಬಂಧ ಪ್ರಕಟಿಸಿ ಜಂಬಕ್ಕಿಂತ ಆಳದ ಸಂಗತಿಯೊಂದನ್ನು ತೋರಿಸಿದ. ಪೆಸಿಫಿಕ್ ದ್ವೀಪಗಳಿಂದ ಹಿಡಿದು ಹಳೆಯ ರೋಮ್, ಭಾರತದ ಧರ್ಮಶಾಸ್ತ್ರಗಳವರೆಗೆ ಹುಡುಕಿದ ಅವನಿಗೆ ಎಲ್ಲೆಡೆ ಮೂರು ಕಟ್ಟುಪಾಡು ಕಂಡವು: ಕೊಡಬೇಕು, ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ತೆಗೆದುಕೊಂಡದ್ದಕ್ಕೆ ಮರಳಿ ಕೊಡಬೇಕು.

ಇದನ್ನು ಓದಲು ಪ್ಯಾರಿಸ್ಸಿಗೆ ಹೋಗಬೇಕಿಲ್ಲ, ಮದುವೆ ಮನೆಯ ಮುಯ್ಯಿ ಪುಸ್ತಕ ಸಾಕು. ಛತ್ರದಲ್ಲಿ ಮೇಜು ಹಾಕಿಕೊಂಡು ಕೂತ ಸೋದರಮಾವನೋ ಭಾವಮೈದನೋ ಊರು, ಹೆಸರು, ಮೊತ್ತ ಬರೆದುಕೊಳ್ಳುತ್ತಾನೆ. ಆ ಪುಸ್ತಕ ಬೀರುವಿನಲ್ಲಿ ಬಟ್ಟೆಯ ಕೆಳಗೆ ಹತ್ತಾರು ವರ್ಷ ಇರುತ್ತದೆ. ಮುಯ್ಯಿ ಹಾಕಿದವರ ಮನೆಯಲ್ಲಿ ಮದುವೆ ಬಂದ ದಿನ ಮನೆಯಾಕೆ ಅದನ್ನು ತೆಗೆದು ನೋಡುತ್ತಾಳೆ. ಅಷ್ಟೇ ಕೊಟ್ಟರೆ ಲೆಕ್ಕ ಚುಕ್ತಾ ಆಗಿ ನಂಟು ಮುಗಿದ ಹಾಗೆ. ಸ್ವಲ್ಪ ಸೇರಿಸಿ ಕೊಡುತ್ತಾಳೆ, ಮತ್ತೆ ಅವರ ಕಡೆ ಬಾಕಿ ಉಳಿಯುತ್ತದೆ. ಸಾಲವೆಂದು ಯಾರೂ ಕರೆಯದ ಸಾಲ ಇದು.

ಹಳ್ಳಿಯಲ್ಲಿ ಕರೆಂಟಿನ ಕೆಲಸ ಗೊತ್ತಿರುವವರು ಒಂದು ಫಜೀತಿಯನ್ನು ಆಗಾಗ ನೋಡುತ್ತಾರೆ. ಸ್ವಿಚ್ಚಿಗೆ ಟೆಸ್ಟರ್ ಇಟ್ಟರೆ ಉರಿಯುತ್ತದೆ, ಬಲ್ಬೂ ಸರಿಯಿದೆ, ಆದರೂ ಹತ್ತುವುದಿಲ್ಲ. ನೋಡಿದರೆ ಕಂಬದ ಹತ್ತಿರ ನ್ಯೂಟ್ರಲ್ ವೈರು ಕಡಿದುಹೋಗಿದೆ. ಕರೆಂಟು ಬಂದರೆ ಸಾಲದು, ಹೋಗಲೂ ದಾರಿ ಬೇಕು. ದಾನದ ಕಥೆಯೂ ಇದೇ. ಜನರ ಮನಸ್ಸಿನಲ್ಲಿ ಮರುಕ ಇದೆಯೇ ಎಂದು ಟೆಸ್ಟರ್ ಇಟ್ಟು ನೋಡಿದರೆ ಎಲ್ಲರಲ್ಲೂ ಇದೆ. ಕೊಟ್ಟದ್ದು ಏನಾಯಿತು ಎಂಬುದು ಕೊಟ್ಟವರಿಗೆ ಮರಳಿ ಬರುವ ದಾರಿ ಮಾತ್ರ ಹಲವು ಕಡೆ ಕಡಿದಿರುತ್ತದೆ. ಬರುವುದು ಹಣವಾಗಬೇಕಿಲ್ಲ, ಸುದ್ದಿ, ಹೆಸರು, ಒಂದು ಊಟ, ಪ್ರಸಾದ, ‘ನೀವು ನಮ್ಮವರು’ ಎಂಬ ಮಾತು, ಯಾವುದಾದರೂ ಸರಿ. ಇದನ್ನು ‘ಕೊಡುಗೆಯ ಸುತ್ತು’ ಎಂದು ಕರೆಯೋಣ. ಗುಡಿಯಲ್ಲಿ ಸುತ್ತು ಪೂರ್ತಿಯಾಗುತ್ತದೆ: ಗೋಪುರ ಏಳುವುದನ್ನು ದಿನವೂ ನೋಡಬಹುದು, ಹಬ್ಬದ ದಿನ ತೆಂಗಿನಕಾಯಿ ಹೋಳು ಕೈಗೆ ಬರುತ್ತದೆ. ಗುರುವಂದನೆಯಲ್ಲೂ ಅಷ್ಟೇ. ಎಸ್‌ಡಿಎಂಸಿಯ ಮನವಿಯಲ್ಲಿ ಹಣ ಹೋಗುವ ದಾರಿ ಇದೆ, ಏನೂ ಬರುವ ದಾರಿ ಇಲ್ಲ.

ಹುಂಡಿಗೆ ಹೆಸರೇ ಇಲ್ಲವಲ್ಲ ಎಂದು ನೀವು ಕೇಳಬಹುದು. ಹುಂಡಿಗೆ ಬೀಳುವುದರಲ್ಲಿ ದೊಡ್ಡ ಪಾಲು ಹರಕೆ. ಅಲ್ಲಿ ಪಡೆದದ್ದು ಮೊದಲು, ಕೊಡುವುದು ಆಮೇಲೆ. ಸುತ್ತು ಮುಗಿಸಲಿಕ್ಕೇ ಜನ ಬೆಟ್ಟ ಹತ್ತುತ್ತಾರೆ. ನಮ್ಮ ಹಳೆಯ ದಾನಶಾಸನಗಳನ್ನೂ ಒಮ್ಮೆ ಈ ಕಣ್ಣಿನಿಂದ ಓದಿ. ಕೊಟ್ಟವನಾರು, ಯಾವ ಕೆರೆಯ ಕೆಳಗೆ ಎಷ್ಟು ಗದ್ದೆ, ಎಲ್ಲೆ ಯಾವುದು, ಸಾಕ್ಷಿ ಯಾರು, ಕೊನೆಗೆ ಇದನ್ನು ಅಳಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಲಿ ಎಂಬ ಶಾಪ. ರಸೀದಿ, ವಾರ್ಷಿಕ ವರದಿ, ಆಡಿಟರನ ಎಚ್ಚರಿಕೆ ಮೂರೂ ಒಂದೇ ಕಲ್ಲಿನಲ್ಲಿ. ಇಂದಿನ ಎಷ್ಟೋ ಟ್ರಸ್ಟುಗಳ ವೆಬ್‌ಸೈಟಿಗಿಂತ ಅದರಲ್ಲಿ ಮಾಹಿತಿ ಹೆಚ್ಚಿದೆ ಎಂದರೆ ತಪ್ಪಿಲ್ಲ.

ಲಕ್ಷಕ್ಕೆ ಮುಖವಿಲ್ಲ

ಮನಶ್ಶಾಸ್ತ್ರದವರು ಇದೇ ಸುತ್ತಿನ ಇನ್ನೊಂದು ಬಿರುಕನ್ನು ಕಂಡರು. ಡೆಬೊರಾ ಸ್ಮಾಲ್, ಜಾರ್ಜ್ ಲೊವೆನ್‌ಸ್ಟೈನ್, ಪಾಲ್ ಸ್ಲೊವಿಕ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಪ್ರಶ್ನಾವಳಿ ತುಂಬಿದ್ದಕ್ಕೆ 5 ಡಾಲರ್ ಪಡೆದವರ ಮುಂದೆ ದೇಣಿಗೆಯ ಕೋರಿಕೆ ಇಟ್ಟರು. ಆಫ್ರಿಕದಲ್ಲಿ ಲಕ್ಷಾಂತರ ಜನ ಹಸಿದಿದ್ದಾರೆ ಎಂಬ ಅಂಕಿಅಂಶ ಓದಿದವರು ಕೊಟ್ಟದ್ದು ಸರಾಸರಿ 1.14 ಡಾಲರ್. ಮಾಲಿ ದೇಶದ ರೊಕಿಯಾ ಎಂಬ ಏಳು ವರ್ಷದ ಹುಡುಗಿಯ ಕಥೆ ಓದಿದವರು ಕೊಟ್ಟದ್ದು 2.38. ಎರಡನ್ನೂ ಒಟ್ಟಿಗೆ ಓದಿದವರು? 1.43. ಅಂಕಿಅಂಶ ಸೇರಿದ್ದೇ ತಡ, ಹುಡುಗಿಯ ಮುಖವೂ ಮಸುಕಾಯಿತು.

ಇದನ್ನು ನಂಬಿ ಜಗತ್ತಿನ ಅರ್ಧ ಎನ್‌ಜಿಒಗಳು ಅಳುವ ಮಗುವಿನ ಫೋಟೊ ಹಾಕಿದವು. ಈಚೆಗೆ ಇದೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿದವರಿಗೆ ಆ ಅಂತರ ಸಿಗಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗಲೂ ಪರಿಣಾಮ ಚಿಕ್ಕದು. ನನಗೆ ಇದು ಅಚ್ಚರಿಯೆನಿಸುವುದಿಲ್ಲ. ಮುಖ ಒಂದನ್ನು ತೋರಿಸಿ, ಆಮೇಲೆ ಆ ಮುಖದ ಸುದ್ದಿಯೇ ಬರದಿದ್ದರೆ ಸುತ್ತು ಮುಗಿದಂತಾಯಿತೆ? ಮುಖಕ್ಕಿಂತ ಅಳತೆ ಮುಖ್ಯವೇನೋ. 2000ದಲ್ಲಿ ಬೆಂಗಳೂರಿನ ಐದು ಸರ್ಕಾರಿ ಶಾಲೆಗಳ 1,500 ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡುವುದರಿಂದ ಶುರುವಾದ ಅಕ್ಷಯಪಾತ್ರ ಸಂಸ್ಥೆ ‘ದೇಶದ ಹಸಿವಿಗೆ ನೆರವಾಗಿ’ ಎಂದಷ್ಟೇ ಹೇಳಿ ಬಿಡಲಿಲ್ಲ. ಒಂದು ಮಗುವಿನ ಒಂದು ವರ್ಷದ ಊಟಕ್ಕೆ ಇಷ್ಟು ಎಂದು ಹೇಳಿತು. ಕೊಟ್ಟವರು ತಾವು ಮಾಡಿದ್ದನ್ನು ತಾವೇ ಎಣಿಸಬಹುದು.

ಬಾಗಿಲಿಗೆ ಬಂದವರು

ಕೇಳುವವರು ಯಾರು ಎಂಬುದೂ ಸುತ್ತಿನ ಭಾಗವೇ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವ ಮೀನು ಮಾರುವವರು, ಅಂಗಡಿಯವರು, ನೇಕಾರರ ಬಾಗಿಲಿಗೆ ಏಜೆಂಟನೇ ಬರುತ್ತಿದ್ದ. ಅವನು ಗುರುತಿನವನು, ನಾಳೆಯೂ ಬರುವವನು. ಅದು ಉಳಿತಾಯ, ದಾನವಲ್ಲ ನಿಜ. ಆದರೆ ತಂತ್ರ ಒಂದೇ: ಮೊತ್ತವನ್ನು ನಾಚಿಕೆ ಇಲ್ಲದಷ್ಟು ಚಿಕ್ಕದು ಮಾಡಿ, ಕೈಯನ್ನು ಪರಿಚಯದ್ದು ಮಾಡು. ರಾಬರ್ಟ್ ಚಾಲ್ಡೀನಿ ಮತ್ತು ಡೇವಿಡ್ ಶ್ರೋಡರ್ 1976ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮನೆಮನೆಗೆ ಕಳಿಸಿ ಕ್ಯಾನ್ಸರ್ ಸಂಸ್ಥೆಗೆ ದೇಣಿಗೆ ಕೇಳಿಸಿದಾಗ, ‘ಒಂದು ಪೈಸೆ ಕೊಟ್ಟರೂ ನೆರವಾಗುತ್ತದೆ’ ಎಂಬ ಮಾತು ಸೇರಿಸಿದ್ದಕ್ಕೇ ಕೊಟ್ಟವರು ಶೇ 29ರಿಂದ ಶೇ 50ಕ್ಕೆ ಏರಿದರು. ಕೊಟ್ಟವರ ಸರಾಸರಿ ಮೊತ್ತವೇನೂ ತಗ್ಗಲಿಲ್ಲ ಎಂಬುದು ಇದರ ಸೊಗಸು. ಇಲ್ಲ ಎನ್ನಲು ಇದ್ದ ನೆಪವಷ್ಟೇ ಹೋಯಿತು.

ಒತ್ತಾಯ ಜಾಸ್ತಿಯಾದರೆ ಜನ ದಾರಿ ಬದಲಿಸುತ್ತಾರೆ. ಬಾಸ್ಟನ್ ಬಳಿಯ ಸೂಪರ್ ಮಾರ್ಕೆಟ್ ಒಂದರಲ್ಲಿ ಕ್ರಿಸ್‌ಮಸ್ ಸಮಯಕ್ಕೆ ಗಂಟೆ ಬಾರಿಸುತ್ತಾ ನಿಂತವರು ಬಾಯಿಬಿಟ್ಟು ‘ಕೊಡಿ’ ಎಂದು ಕೇಳಿದಾಗ ದೇಣಿಗೆಯೂ ಏರಿತು, ಪಕ್ಕದ ಬಾಗಿಲಿನಿಂದ ನುಸುಳಿದವರ ಸಂಖ್ಯೆಯೂ ಏರಿತು. ಅಪರಿಚಿತ ನಂಬರಿನಿಂದ ಬರುವ ದೇಣಿಗೆ ಕರೆಯನ್ನು ಕತ್ತರಿಸುವ ನಾವೂ ಪಕ್ಕದ ಬಾಗಿಲಿನವರೇ. ಇನ್ನು ಎತ್ತುವವರಿಗೆ ಕಮಿಷನ್ ಇಟ್ಟರೆ? ಇಸ್ರೇಲಿನಲ್ಲಿ ಉರಿ ನೀಜಿ ಮತ್ತು ಆಲ್ಡೊ ರಸ್ಟಿಚೀನಿ ಪರೀಕ್ಷಿಸಿದರು. ಶೇ 1 ಕೂಲಿ ಸಿಕ್ಕ ಶಾಲಾ ಮಕ್ಕಳು ಏನೂ ಸಿಗದವರಿಗಿಂತ ಕಡಿಮೆ ಎತ್ತಿದರು. ಶೇ 10 ಸಿಕ್ಕವರೂ ಪುಕ್ಕಟೆ ದುಡಿದವರನ್ನು ಮೀರಲಿಲ್ಲ. ಕೂಲಿ ಬಂದೊಡನೆ ಅದು ಊರ ಕೆಲಸವಾಗಿ ಉಳಿಯಲಿಲ್ಲ.

1,777 ಎಕರೆ

ಗುಂಪು ದೊಡ್ಡದಾದಷ್ಟೂ ಸುತ್ತು ಸಡಿಲವಾಗುತ್ತದೆ. ಅರ್ಥಶಾಸ್ತ್ರಜ್ಞ ಮ್ಯಾನ್ಸರ್ ಓಲ್ಸನ್ 1965ರಲ್ಲಿ ಬರೆದ ಪುಸ್ತಕದ ವಾದ ಇದು: ಫಲ ಎಲ್ಲರಿಗೂ ಸಿಗುವುದಾದರೆ, ಯಾರೋ ದುಡಿಯಲಿ, ನಾನು ಪುಕ್ಕಟೆ ಪ್ರಯಾಣಿಕನಾಗುತ್ತೇನೆ ಎಂದು ಪ್ರತಿಯೊಬ್ಬನೂ ಎಣಿಸುತ್ತಾನೆ. ಬೆಂಗಳೂರಿನಲ್ಲಿ ನೆಲೆಯಿರುವ ಮೈರಾಡ ಸಂಸ್ಥೆ ಇದನ್ನು ಹೊಲದಲ್ಲೇ ಕಂಡಿತು. ಅದು ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು 1980ರ ದಶಕದ ನಡುವೆ ಒಡೆದವು. ಜನ ಸುಮ್ಮನೆ ಮನೆಗೆ ಹೋಗಲಿಲ್ಲ, ಪರಸ್ಪರ ನಂಬುವ ಹತ್ತಿಪ್ಪತ್ತು ಮಂದಿಯ ಗುಂಪುಗಳಾಗಿ ತಾವೇ ಕೂಡಿಕೊಂಡರು. ಸಂಸ್ಥೆ ಅದನ್ನು ಅವಿಧೇಯತೆ ಎನ್ನದೆ ಪಾಠವೆಂದು ತೆಗೆದುಕೊಂಡಿತು. 1987ರಲ್ಲಿ ನಬಾರ್ಡ್ ಇದಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಬಂತು. ಇವತ್ತು ಪ್ರತಿ ಹಳ್ಳಿಯಲ್ಲೂ ವಾರಕ್ಕೊಮ್ಮೆ ಚಾಪೆ ಹಾಸಿ ಕೂರುವ ಹೆಂಗಸರ ಸಂಘದ ಬೇರು ಅಲ್ಲಿದೆ.

ಚನ್ನರಾಯಪಟ್ಟಣದಲ್ಲಿ ಇದರ ದೊಡ್ಡ ಪರೀಕ್ಷೆ ನಡೆಯಿತು. ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ಸ್ವಾಧೀನ ಮಾಡಿಕೊಳ್ಳುವುದರ ವಿರುದ್ಧ 2022ರ ಏಪ್ರಿಲ್ 4ರಂದು ಧರಣಿ ಶುರುವಾಯಿತು. ಓಲ್ಸನ್ ಲೆಕ್ಕದಲ್ಲಿ ಅದು ತಿಂಗಳೂ ಬಾಳಬಾರದು. ಹೊಲ ಉಳಿದರೆ ಧರಣಿಗೆ ಬಾರದವನದೂ ಉಳಿಯುತ್ತದೆ, ಬಂದವನಿಗೆ ಕೂಲಿ ನಷ್ಟ. ಆದರೂ ಅದು 1,198 ದಿನ ನಡೆಯಿತು. ಜಮೀನು ಕೊಡಲು ಒಪ್ಪಿದ ರೈತರೂ ಇದ್ದರು, ಮುಚ್ಚಿಡುವ ಸಂಗತಿಯೇನಲ್ಲ. ಹೋರಾಟದ ಬಿಗಿ ಹೊರಗೆ ಕಂಡದ್ದು 2025ರ ಜೂನ್ ಕೊನೆಯಲ್ಲಿ. ಮೂರು ಹಳ್ಳಿಗಳ 495 ಎಕರೆ ಕೈಬಿಟ್ಟು ಉಳಿದದ್ದನ್ನು ತೆಗೆದುಕೊಳ್ಳುತ್ತೇವೆ ಎಂಬ ಮಾತು ಸರ್ಕಾರದಿಂದ ಬಂದಾಗ ಹೋರಾಟಗಾರರು ಹದಿಮೂರೂ ಒಂದೇ ಎಂದರು. ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಟ್ಟದ್ದಾಗಿ ಪ್ರಕಟಿಸಿದರು. ನಾಯಕರು, ಬೆಂಗಳೂರಿನ ಬೆಂಬಲಿಗರು, ರಾಜಕೀಯ ಎಲ್ಲದರ ಪಾಲೂ ಇದರಲ್ಲಿದೆ. ಆದರೆ ಹೆಣ್ಣು ಕೊಟ್ಟು ತಂದುಕೊಂಡ, ಒಂದೇ ಸಂತೆಗೆ ಹೋಗುವ ಹಳ್ಳಿಗಳಲ್ಲಿ ನಿನ್ನೆ ಯಾರು ಬಂದಿರಲಿಲ್ಲ ಎಂಬುದು ಸಂಜೆಯೊಳಗೆ ಗೊತ್ತಾಗುತ್ತದೆ. ಪುಕ್ಕಟೆ ಪ್ರಯಾಣ ಅಲ್ಲಿ ಅಷ್ಟು ಪುಕ್ಕಟೆಯಲ್ಲ.

ಪಡೆದವರ ಕಡೆ

ಮಾಸ್ ಹೇಳಿದ್ದರಲ್ಲಿ ಎನ್‌ಜಿಒಗಳು ಹೆಚ್ಚು ಮರೆತದ್ದು ಮೂರನೆಯ ಕಟ್ಟುಪಾಡನ್ನು. ಪಡೆದು ಮರಳಿ ಕೊಡಲಾಗದವನು ಕೊಟ್ಟವನ ಮುಂದೆ ಸಣ್ಣವನಾಗುತ್ತಾನೆ. ಮುಯ್ಯಿ ಹಾಕಲು ಕೈಯಲ್ಲಿಲ್ಲ ಎಂದು ಮದುವೆಗೇ ಹೋಗದೆ, ಹುಷಾರಿಲ್ಲ ಎಂದು ಹೇಳಿಕಳಿಸುವ ಮನೆಗಳು ಪ್ರತಿ ಊರಿನಲ್ಲೂ ಇವೆ. ಅಂಥವರನ್ನು ಸಾಲಾಗಿ ನಿಲ್ಲಿಸಿ, ರೇಷನ್ ಕಿಟ್ಟಿನ ಒಂದು ತುದಿ ಅವರ ಕೈಗೆ, ಇನ್ನೊಂದು ದಾನಿಯ ಕೈಗೆ ಕೊಟ್ಟು ಫೋಟೊ ತೆಗೆದರೆ ದಾನಿಯ ಸುತ್ತು ಪೂರ್ತಿಯಾಯಿತು, ಪಡೆದವರದು ಕಡಿಯಿತು.

ತುಮಕೂರಿನ ಸಿದ್ಧಗಂಗಾ ಮಠದ ದಾಸೋಹದಲ್ಲಿ ಈ ತೊಡಕು ಬಹುಮಟ್ಟಿಗೆ ಇಲ್ಲ. ಸುತ್ತಲಿನ ರೈತರು ರಾಗಿ, ತೆಂಗು, ತರಕಾರಿ ತಂದು ಹಾಕುತ್ತಾರೆ. ತಂದವರೂ ಅಲ್ಲೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಅಲ್ಲಿ ಉಂಡು ಓದಿದ ಹುಡುಗ ಮುಂದೆ ಕೆಲಸ ಸಿಕ್ಕ ಮೇಲೆ ಮೂಟೆ ಕಳಿಸುತ್ತಾನೆ. ಕೊಟ್ಟವರಾರು, ಪಡೆದವರಾರು ಎಂದು ಬೇರ್ಪಡಿಸಲಾಗದು. 1999ರಲ್ಲಿ ದೆಹಲಿಯಲ್ಲಿ ಅಂಶು ಗುಪ್ತಾ ಶುರುಮಾಡಿದ ಗೂಂಜ್ ಸಂಸ್ಥೆ ಇನ್ನೊಂದು ದಾರಿ ಹಿಡಿಯಿತು. ನಗರದ ಹಳೆ ಬಟ್ಟೆಯನ್ನು ಹಳ್ಳಿಗೆ ಒಯ್ದು ಸುಮ್ಮನೆ ಹಂಚುವುದಿಲ್ಲ; ಊರವರು ತಮಗೆ ಬೇಕಾದ ಬಾವಿ ತೋಡುತ್ತಾರೆ, ರಸ್ತೆ ಸರಿಮಾಡುತ್ತಾರೆ, ಬಟ್ಟೆ ಅದಕ್ಕೆ ಪ್ರತಿಫಲ.

ಇನ್ನೂ ಕಹಿಯಾದದ್ದು ಕೇಳದೇ ಬಿಡುವುದು. ಎಷ್ಟೋ ಹಳ್ಳಿಗಳಲ್ಲಿ ಗುಡಿಯ ಚಂದಾ ಪುಸ್ತಕ ದಲಿತ ಕೇರಿಗೆ ಹೋಗುವುದೇ ಇಲ್ಲ. ಬಡವರಿಗೇಕೆ ತೊಂದರೆ ಎಂಬ ಸೌಜನ್ಯದ ಮಾತು ಅದಕ್ಕೆ ಹೊದಿಕೆ. ಚಂದಾ ಕೊಟ್ಟವನು ಗುಡಿಯಲ್ಲಿ ಹಕ್ಕು ಕೇಳುತ್ತಾನೆ, ಅದಕ್ಕೇ ಕೇಳುವುದಿಲ್ಲ ಎಂಬುದು ಒಳಗಿನ ಮಾತು. ಯಾರನ್ನು ಕೇಳುತ್ತೇವೆ ಎಂಬುದರಿಂದಲೇ ಯಾರು ಊರಿನವರು ಎಂಬುದೂ ತೀರ್ಮಾನವಾಗಿಬಿಡುತ್ತದೆ. ಶಾಲೆಯ ಚಾವಣಿಗೂ ಇದೇ ಪಟ್ಟಿ ಹಿಡಿದು ಹೊರಟರೆ ಏನಾಗುತ್ತದೆ? ಉಳ್ಳವರ ಮಕ್ಕಳು ಖಾಸಗಿ ಶಾಲೆಯ ಹಳದಿ ಬಸ್ಸು ಹತ್ತಿ ಆಗಲೇ ಹೋಗಿದ್ದಾರೆ. ಸರ್ಕಾರಿ ಶಾಲೆಯಲ್ಲಿ ಉಳಿದ ಮಕ್ಕಳ ಅಪ್ಪಂದಿರಲ್ಲಿ ಗಾರೆಯವರು, ಸೆಂಟ್ರಿಂಗ್ ಕೆಲಸದವರು ಇದ್ದಾರೆ. ಅವರ ಹತ್ತಿರ ಸಾವಿರದ ಒಂದು ಇಲ್ಲದಿರಬಹುದು. ಎರಡು ಭಾನುವಾರದ ಕೆಲಸ ಇದೆ, ಅದನ್ನು ಯಾರೂ ಕೇಳಿಲ್ಲ.

ವಿಮಾನ ನಿಲ್ದಾಣ 2008ರಲ್ಲಿ ಶುರುವಾದ ಮೇಲೆ ದೇವನಹಳ್ಳಿ ಸುತ್ತ ಎದ್ದ ಬಡಾವಣೆಗಳದು ಮತ್ತೊಂದು ಬಗೆ. ಊರಿನ ರಸೀದಿ ಪುಸ್ತಕ ಅವುಗಳ ಗೇಟಿನ ಸೆಕ್ಯುರಿಟಿಯವನ ಹತ್ತಿರವೇ ನಿಂತುಬಿಡುತ್ತದೆ. ದುಡ್ಡಿದ್ದರೂ ಕೊಡುವುದಿಲ್ಲ ಎಂದು ಊರಿನವರು ಹೇಳುತ್ತಾರೆ. ಇಲ್ಲಿ ನಮ್ಮನ್ನು ಯಾರೂ ಮಾತಾಡಿಸುವುದಿಲ್ಲ ಎಂದು ಒಳಗಿನವರು. ಆದರೆ ಬೆಳಗಿನ ಜಾವ ಹಾಲು, ಹೂವು ಹಾಕಲು, ಮನೆಗೆಲಸಕ್ಕೆ, ತೋಟದ ಕೆಲಸಕ್ಕೆ ಆ ಗೇಟು ದಾಟಿ ಹೋಗಿಬರುವವರು ಇದೇ ಊರಿನವರು. ಒಳಗಿನವರಿಗೆ ಹೆಸರಿನಿಂದ ಗೊತ್ತಿರುವವರೂ ಅವರೇ. ಕೇಳಲು ಯಾರು ಹೋಗಬೇಕು ಎಂಬ ಮಾತು ಬಂದಾಗ ಅವರಿಂದ ಶುರುಮಾಡಬಹುದು.